ಮೀಟರಿನ ನೂರನೇ ಸಾಲು

ಮಾನೇಸರಿನ ಆ ಕಾರ್ಖಾನೆಯ ಗೇಟಿನಲ್ಲಿ ಮೊಬೈಲ್ ಇಸಿದುಕೊಂಡು ಟೋಕನ್ ಕೊಡುತ್ತಿದ್ದರು. ಕಾರಿನ ಬಿಡಿಭಾಗ ಮಾಡುವ ಜಾಗ, ಒಳಗಿನ ಚಿತ್ರ ಹೊರಗೆ ಹೋಗಬಾರದೆಂಬ ಭಯ. ನನ್ನ ಮೊಬೈಲಿನಲ್ಲಿ ಕ್ಯಾಮೆರಾ ಇರಲೇ ಇಲ್ಲ, ಆದರೂ ಇಸಿದುಕೊಂಡರು. ಟೋಕನ್ ತೆಗೆದುಕೊಳ್ಳುವಾಗ ನನ್ನ ಕೈ ಬೆವತಿತ್ತು. ಜೂನ್ ತಿಂಗಳಲ್ಲಿ ಹರಿಯಾಣದಲ್ಲಿ ಯಾರ ಕೈ ಬೆವರುವುದಿಲ್ಲ ಹೇಳಿ, ಆದರೆ ಕಾವಲಿನವನು ನನ್ನ ಮುಖ ನೋಡಿ ಒಂದು ಲೋಟ ನೀರು ಕೊಟ್ಟ.

ನಾನಾಗ ವಿದ್ಯುತ್ ಮಾನಿಟರ್ ಮಾರುವ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್. ಊರು ರಾಣೆಬೆನ್ನೂರು, ವಾಸ ದೆಹಲಿಯ ವಸಂತ್ ಕುಂಜಿನಲ್ಲಿ ಇಬ್ಬರು ಗೆಳತಿಯರ ಜೊತೆ, ಕೆಲಸ ಈ ಕಡೆಯ ಕಾರ್ಖಾನೆಗಳ ಪ್ಯಾನೆಲ್ ರೂಮುಗಳಲ್ಲಿ. ಗುರ್‌ಗಾಂವ್ ರಸ್ತೆಯನ್ನು ಅಗೆದು ಎಕ್ಸ್‌ಪ್ರೆಸ್‌ವೇ ಕಟ್ಟುತ್ತಿದ್ದ ಕಾಲ. ಬಸ್ಸಿನಲ್ಲಿ ಎರಡು ಗಂಟೆ ಧೂಳು ಕುಡಿದು ಬಂದು ಇಳಿಯುತ್ತಿದ್ದೆ. ಪ್ರೊಬೇಷನ್ ಮುಗಿಯಲು ಇನ್ನೂ ಮೂರು ತಿಂಗಳಿತ್ತು.

ಮಾನಿಟರ್ ಎಂದರೆ ಪ್ಯಾನೆಲಿನ, ಅಂದರೆ ಕರೆಂಟಿನ ಸ್ವಿಚ್ಚುಗಳಿರುವ ಕಪಾಟಿನ, ಬಾಗಿಲಿಗೆ ಕೂರಿಸುವ ಅಂಗೈಯಗಲದ ಪೆಟ್ಟಿಗೆ. ನಾವೆಲ್ಲ ಅದನ್ನು ಮೀಟರ್ ಎಂದೇ ಕರೆಯುತ್ತಿದ್ದೆವು. ಹೊರಗಿನಿಂದ ಬರುವ ಕರೆಂಟನ್ನು ಅದು ಕಣ್ಣು ಮುಚ್ಚದೆ ಕಾಯುತ್ತದೆ. ವೋಲ್ಟೇಜ್ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಅಲಾರಂ ಏಳುತ್ತದೆ, ನೆನಪಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ವೋಲ್ಟೇಜ್ ಸರಿಹೋದರೆ ಅಲಾರಂ ಇಳಿಯುತ್ತದೆ, ಅದಕ್ಕೊಂದು ಸಾಲು. ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ತೆರೆದು ಕರೆಂಟ್ ಕಡಿದರೆ ಒಂದು, ಮುಚ್ಚಿ ಮತ್ತೆ ಕೊಟ್ಟರೆ ಒಂದು. ಯಾರಾದರೂ ಸೆಟ್ಟಿಂಗ್ ಬದಲಿಸಿದರೆ ಅದನ್ನೂ ಬರೆದಿಟ್ಟುಕೊಳ್ಳುತ್ತದೆ, ಹಳೆಯ ಅಂಕಿ ಎಷ್ಟು, ಹೊಸದು ಎಷ್ಟು ಎಂಬುದರ ಸಮೇತ. ಹೀಗೆ ಒಟ್ಟು ನೂರು ಸಾಲು. ಹೊಸದು ಮೇಲೆ ಬಂದು ಕೂತರೆ ಹಳೆಯವೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆ. ನೂರನೆಯದು ಹೊರಗೆ ಬಿದ್ದುಹೋಗುತ್ತದೆ, ಮತ್ತೆ ಸಿಗುವುದಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ವೋಲ್ಟೇಜ್ ಇಳಿದ ತಕ್ಷಣ ಅಲಾರಂ ಏಳುವುದಿಲ್ಲ. ಎಷ್ಟು ಹೊತ್ತು ಇಳಿದೇ ಇದ್ದರೆ ಏಳಬೇಕು ಎಂದು ನಾವು ಮೊದಲೇ ಹೇಳಿಟ್ಟಿರುತ್ತೇವೆ. ಅದಕ್ಕೆ ಡಿಲೇ ಎನ್ನುತ್ತಾರೆ. ನಮ್ಮ ಮೀಟರ್ ಸಾಲಿನಲ್ಲಿ ಬರೆಯುತ್ತಿದ್ದದ್ದು ಆ ಡಿಲೇ ಮುಗಿದ ಗಳಿಗೆಯ ಸಮಯ. ವೋಲ್ಟೇಜ್ ನಿಜಕ್ಕೂ ಯಾವಾಗ ಇಳಿಯಿತು ಎಂದು ತಿಳಿಯಬೇಕಾದರೆ ಬರೆದ ಸಮಯದಿಂದ ಡಿಲೇ ಕಳೆಯಬೇಕು.

ಏಪ್ರಿಲ್‌ನಲ್ಲಿ ಆ ಮೀಟರ್ ಕೂರಿಸಿದವಳು ನಾನೇ. ಅರ್ಧ ಸೆಕೆಂಡ್ ಡಿಲೇ ಇಟ್ಟು, ಸೆಟ್ಟಿಂಗ್ ಶೀಟಿನಲ್ಲಿ ಬರೆದು, ಸಹಿ ಹಾಕಿ ಕೊಟ್ಟಿದ್ದೆ. ಅಲ್ಲಿನ ವೋಲ್ಟೇಜ್ ದಿನಕ್ಕೆ ಹತ್ತಾರು ಸಲ ಮುಗ್ಗರಿಸುತ್ತಿತ್ತು, ಪ್ರತಿ ಸಲವೂ ಹೂಟರ್ ಕಿರುಚುತ್ತಿತ್ತು. ಒಂದು ವಾರಕ್ಕೇ ಮೆಂಟೆನೆನ್ಸ್ ಮ್ಯಾನೇಜರ್ ನನ್ನನ್ನು ಕರೆಸಿ, "ಮೇಡಂ, ಇದರ ಬಾಯಿ ಮುಚ್ಚಿಸಿ, ತಲೆ ಕೆಟ್ಟುಹೋಗ್ತಿದೆ" ಎಂದರು. ನಾನು ಅರ್ಧವನ್ನು ಹತ್ತು ಸೆಕೆಂಡ್ ಮಾಡಿದೆ. ಸಣ್ಣಪುಟ್ಟ ಇಳಿತಗಳೆಲ್ಲ ಲೆಕ್ಕಕ್ಕೆ ಬರುವುದು ನಿಂತಿತು, ಹೂಟರೂ ಸುಮ್ಮನಾಯಿತು. ಹೊಸ ಶೀಟ್ ಬರೆಯಬೇಕಿತ್ತು, ಬರೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದರೆ ಹೇಳಿಕೊಳ್ಳಲು ನನಗೂ ಚೆನ್ನಾಗಿತ್ತು.

ಜೂನಿನ ಒಂದು ಮಧ್ಯಾಹ್ನ ವೋಲ್ಟೇಜ್ ಕುಸಿಯಿತು. ಶಿಫ್ಟಿನಲ್ಲಿದ್ದ ಎಲೆಕ್ಟ್ರಿಷಿಯನ್ ಹೊರಗಿನ ಲೈನಿನ ಬ್ರೇಕರ್ ತೆರೆದು ಕಾರ್ಖಾನೆಯನ್ನು ಜನರೇಟರಿಗೆ ಹಾಕಿದರು. ಹಾಗೆ ಬದಲಿಸುವಷ್ಟರಲ್ಲಿ ಫರ್ನೇಸಿನ ಬೆಲ್ಟ್ ನಿಂತು, ಒಳಗಿದ್ದ ಒಂದಿಡೀ ಬ್ಯಾಚಿನ ಶಾಫ್ಟುಗಳು ಸೊಟ್ಟಗಾದವು. ಮರುದಿನ ಮೀಟರ್ ಪರೀಕ್ಷಿಸಲು ನನ್ನನ್ನು ಕರೆದರು. ಪರದೆಯಲ್ಲಿ ಹತ್ತು ಎಂದು ಕಂಡಾಗಲೇ ನನಗೆ ಶೀಟ್ ನೆನಪಾಯಿತು. ಶೀಟಿನಲ್ಲಿ ಅರ್ಧ ಇದೆ, ಮೀಟರಿನಲ್ಲಿ ಹತ್ತು ಇದೆ, ಯಾರಾದರೂ ತಾಳೆ ನೋಡಿದರೆ ನನ್ನ ಗತಿ ಏನು? ಸುತ್ತ ಯಾರೂ ಇರಲಿಲ್ಲ. ನಾಲ್ಕು ಬಟನ್ ಒತ್ತಿ ಅದನ್ನು ಅರ್ಧಕ್ಕೆ ತಂದೆ. ಕಾಗದಕ್ಕೂ ಮೀಟರಿಗೂ ಸರಿಹೋಯಿತು ಎಂದುಕೊಂಡು ನಿಟ್ಟುಸಿರು ಬಿಟ್ಟೆ. ಆ ಸಾಲುಗಳನ್ನು ಹಿಡಿದು ಒಬ್ಬ ಮನುಷ್ಯನ ವಿಚಾರಣೆ ನಡೆಯಬಹುದೆಂದು ಆ ಕ್ಷಣ ನನಗೆ ಹೊಳೆಯಲೇ ಇಲ್ಲ.

ಮೂರು ದಿನದ ನಂತರ ಸಂಜೆ ನೆಹರೂ ಪ್ಲೇಸಿನ ನಮ್ಮ ಆಫೀಸಿನಲ್ಲಿ ಬಾಸ್ ಹೇಳಿದರು. ಅವರು ಹಾಸನದ ಕಡೆಯವರು, ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವ ಒಬ್ಬರೇ ಒಬ್ಬರು. "ನಾಳೆ ಮಾನೇಸರಿಗೆ ಹೋಗಮ್ಮ. ಆ ಎಲೆಕ್ಟ್ರಿಷಿಯನ್ ಕಾರಣ ಇಲ್ದೆ ಬ್ರೇಕರ್ ತೆಗೆದಿದ್ದಾನಂತೆ. ಮೀಟರ್ ಪ್ರಕಾರ ಬ್ರೇಕರ್ ಮೊದಲು, ವೋಲ್ಟೇಜ್ ಇಳಿದಿದ್ದು ಮೂರು ಸೆಕೆಂಡ್ ಆಮೇಲೆ. ನಾಲ್ಕು ಗಂಟೆಗೆ ವಿಚಾರಣೆ. ಮೀಟರ್ ಸರಿ ಇದೆ ಅಂತ ಒಂದು ಸರ್ಟಿಫಿಕೇಟ್ ಕೊಟ್ಟು ಬಾ. ಚಲೋ, ಹತ್ತು ನಿಮಿಷದ ಕೆಲಸ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಬ್ರೇಕರ್ ತೆರೆದದ್ದು ಮೂರು ಗಂಟೆ ಹನ್ನೆರಡು ನಿಮಿಷ ಐದು ಸೆಕೆಂಡಿಗೆ. ಅಲಾರಂ ಬರೆದದ್ದು ಎಂಟನೇ ಸೆಕೆಂಡಿಗೆ. ಡಿಲೇ ಅರ್ಧ ಸೆಕೆಂಡಾದರೆ ಆ ಮನುಷ್ಯ ತಪ್ಪಿತಸ್ಥ. ಹತ್ತಾದರೆ ವೋಲ್ಟೇಜ್ ಅವರು ಬ್ರೇಕರ್ ಮುಟ್ಟುವ ಏಳು ಸೆಕೆಂಡ್ ಮೊದಲೇ ಬಿದ್ದಿತ್ತು. ಹತ್ತೇ ಆಗಿತ್ತು. ಅದು ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು.

ಹನ್ನೊಂದೂವರೆಗೆ ಪ್ಯಾನೆಲ್ ರೂಮು ತಲುಪಿದೆ. ಮ್ಯಾನೇಜರ್ ಗ್ರಾಹಕ ಕಂಪನಿಯವರ ಜೊತೆ ಸಭೆಯಲ್ಲಿದ್ದರು, ನಾಲ್ಕಕ್ಕೆ ಮೊದಲು ಸಿಗುವುದಿಲ್ಲವೆಂದು ತಿಳಿಯಿತು. ಮೀಟರಿನಿಂದ ಕಂಪ್ಯೂಟರಿಗೆ ಹೋಗುವ ಪೋರ್ಟ್ ಸುಟ್ಟುಹೋಗಿತ್ತು, ಲ್ಯಾಪ್‌ಟಾಪಿಗೆ ಏನನ್ನೂ ಇಳಿಸಿಕೊಳ್ಳುವಂತಿರಲಿಲ್ಲ. ಉಳಿದದ್ದು ಒಂದು ಸಲಕ್ಕೆ ನಾಲ್ಕು ಸಾಲು ತೋರಿಸುವ ಚಿಕ್ಕ ಪರದೆ ಮಾತ್ರ. ಬಟನ್ ಒತ್ತುತ್ತಾ ಕೆಳಗೆ ಹೋದೆ. ಆವತ್ತು ರಾತ್ರಿಯಿಡೀ ಲೈನು ಹೋಗಿ ಬಂದು ಮಾಡಿತ್ತು, ಘಟನೆಯ ಹೊತ್ತಿನ ಸಾಲುಗಳು ಆಗಲೇ ಬಿದ್ದುಹೋಗಿದ್ದವು. ಮ್ಯಾನೇಜರ್ ಕೈಯಲ್ಲಿ ಬರೆದುಕೊಂಡ ರಿಜಿಸ್ಟರಿನಲ್ಲಷ್ಟೇ ಅವು ಉಳಿದಿದ್ದವು. ಎಂಬತ್ತೆಂಟನೇ ಸಾಲಿನಲ್ಲಿ ನನ್ನದು ಸಿಕ್ಕಿತು. ಸೆಟಪ್ ಬದಲಾವಣೆ. ಒತ್ತಿದರೆ ಹಳೆಯದು ಹತ್ತು, ಹೊಸದು ಅರ್ಧ, ತಾರೀಖು ಘಟನೆಯ ಮರುದಿನದ್ದು.

ಅವರನ್ನು ಬಿಡಿಸಬಲ್ಲ ಸಾಲೂ ಅದೇ, ನನ್ನನ್ನು ಸಿಕ್ಕಿಸಬಲ್ಲ ಸಾಲೂ ಅದೇ. ಡಿಲೇ ಈಗ ಅರ್ಧವಾಗಿದ್ದರಿಂದ ಒಂದೊಂದು ಇಳಿತಕ್ಕೂ ಎರಡೆರಡು ಸಾಲು ಬಂದು ಅದನ್ನು ಕೆಳಗೆ ತಳ್ಳುತ್ತಿದ್ದವು. ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರೆ ಸಾಕು, ನಾಲ್ಕು ಗಂಟೆಯೊಳಗೆ ಹರಿಯಾಣದ ಕರೆಂಟೇ ಅದನ್ನು ಅಳಿಸಿಹಾಕುತ್ತಿತ್ತು.

ನಿಜ ಹೇಳುತ್ತೇನೆ, ನಾನು ಕೂತೆ. ಟ್ಯೂಬ್‌ಲೈಟ್ ಒಮ್ಮೆ ಮಂಕಾಯಿತು, ಹೂಟರ್ ಕೂಗಿತು, ತೊಂಬತ್ತಾಯಿತು. ಊಟದ ಹೊತ್ತಿಗೆ ತೊಂಬತ್ತೆರಡು. ಪ್ಯಾನೆಲ್ ರೂಮಿನ ಫೋನಿನಿಂದ ಬಾಸಿಗೆ ಹೇಳಿದೆ, ಎಲ್ಲವನ್ನೂ.

ಅವರು ಕೇಳಿದ್ದು ಒಂದೇ. "ಈಗ ಮೀಟರ್ ಸರಿ ಇದೆ ತಾನೇ?"

"ಈಗ ಸರಿ ಇದೆ ಸರ್. ಆವತ್ತು..."

"ಈಗಿಂದು ಮಾತ್ರ ಬರಿ. 'ಇಂದು ಪರೀಕ್ಷಿಸಲಾಗಿ ಮೀಟರ್ ಸರಿಯಾಗಿದೆ' ಅಂತ. ಅದರಲ್ಲಿ ಸುಳ್ಳೇನಿದೆ? ನಿನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ, ನೆನಪಿಟ್ಕೋ. ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಒಳ್ಳೆಯದಕ್ಕೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ. ಫೋನಿಟ್ಟು ಸರ್ಟಿಫಿಕೇಟ್ ಹಾಳೆ ತೆಗೆದು ಆ ವಾಕ್ಯ ಬರೆದೂ ಬರೆದೆ. ಸಹಿ ಒಂದು ಬಾಕಿ ಉಳಿಯಿತು.

ಆಗ ಎಲೆಕ್ಟ್ರಿಷಿಯನ್ ಒಳಗೆ ಬಂದರು. ರೇವಾರಿ ಕಡೆಯವರು, ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ವಿಚಾರಣೆ ಮುಗಿಯುವವರೆಗೆ ಕೆಲಸದಲ್ಲೇ ಇರಿಸಿಕೊಂಡಿದ್ದರು. ಏಪ್ರಿಲ್‌ನಲ್ಲಿ ಮೀಟರ್ ಕೂರಿಸುವಾಗ ನನಗೆ ಏಣಿ ಹಿಡಿದವರು, ಮನೆಯಿಂದ ತಂದ ಮಜ್ಜಿಗೆ ಕೊಟ್ಟವರು. ನಾನು ಅವರನ್ನು ಚಾಚಾಜಿ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ನಮ್ಮ ಮಾತೆಲ್ಲ ಹಿಂದಿಯಲ್ಲಿ.

"ಬೇಟಿ, ಒಂದು ಕೇಳಬೇಕಿತ್ತು," ಎಂದರು. "ಮೀಟರ್ ತಪ್ಪು ಹೇಳಲ್ಲ ಅಲ್ವಾ?"

ನಾನು ಸರ್ಟಿಫಿಕೇಟ್ ಹಾಳೆಯನ್ನು ಬ್ಯಾಗಿನ ಕೆಳಗೆ ಸರಿಸಿದೆ.

"ಪ್ಯಾನೆಲ್ ಮೇಲಿನ ವೋಲ್ಟೇಜ್ ಮುಳ್ಳು ಬಿದ್ದರೆ ನಾನು ಏಳರವರೆಗೆ ಎಣಿಸ್ತೀನಿ. ಮೊದಲು ಬಿಜಲಿ ಬೋರ್ಡಿನಲ್ಲಿ ಕೆಲಸಕ್ಕಿದ್ದಾಗ ಉಸ್ತಾದ್ ಕಲಿಸಿದ್ದು. ಏಳರೊಳಗೆ ಎದ್ದು ಬಂದರೆ ಬ್ರೇಕರ್ ಮುಟ್ಟಬಾರದು. ಇಷ್ಟು ವರ್ಷ ಒಂದು ದಿನವೂ ತಪ್ಪಿಲ್ಲ. ಆವತ್ತೂ ಎಣಿಸಿದೆ ಅಂತಲೇ ನನ್ನ ನೆನಪು." ಅವರು ಗೋಡೆಗೊರಗಿ ನಿಂತರು. "ಆದರೆ ಮೂರು ದಿನದಿಂದ ಯೋಚಿಸ್ತಿದ್ದೀನಿ. ಮಷೀನಿಗೆ ನನ್ನ ಮೇಲೇನು ಹಗೆ? ವಯಸ್ಸಾಯಿತು, ಕಣ್ಣು ಮೋಸ ಮಾಡಿರಬೇಕು. ಮುಳ್ಳು ಬೀಳದೇ ಬಿತ್ತು ಅಂದುಕೊಂಡೆನೋ ಏನೋ. ಸಾಹೇಬರ ಮುಂದೆ ಒಪ್ಪಿಕೊಂಡು ಕೈ ಮುಗಿದುಬಿಡ್ತೀನಿ. ಹಾಗಾದರೆ ಬಾಕಿ ಕೆಲಸ ಏನಾದರೂ ಕೊಡಬಹುದು. ಕಣ್ಣು ಹೋದವನನ್ನು ಪ್ಯಾನೆಲ್ ಮುಂದೆ ನಿಲ್ಲಿಸಬಾರದು, ಅದಂತೂ ನಿಜ."

ಅವರು ಬೈದಿದ್ದರೆ, ಅತ್ತಿದ್ದರೆ, ನಾನು ಹೇಗೋ ತಡೆದುಕೊಳ್ಳುತ್ತಿದ್ದೆನೇನೋ. ಸರಿಯಾಗಿ ನೋಡಿದ ಮನುಷ್ಯ ತನ್ನ ಕಣ್ಣನ್ನೇ ನಂಬದ ಸ್ಥಿತಿಗೆ ಬಂದಿದ್ದರು. ಅಲ್ಲಿಗೆ ತಂದು ನಿಲ್ಲಿಸಿದ್ದು ನನ್ನ ನಾಲ್ಕು ಬಟನ್.

"ಚಾಚಾಜಿ, ನಿಮ್ಮ ಕಣ್ಣು ಸರಿ ಇದೆ," ಎಂದೆ. ಆಮೇಲೆ ಎಲ್ಲ ಹೇಳಿದೆ. ಹೂಟರ್, ಹತ್ತು ಸೆಕೆಂಡ್, ಬರೆಯದ ಶೀಟ್, ಮರುದಿನ ಕದ್ದು ಬದಲಿಸಿದ್ದು. ಪರದೆಯಲ್ಲಿ ಆ ಸಾಲನ್ನೂ ತೋರಿಸಿದೆ. ಅಷ್ಟೊತ್ತಿಗೆ ಅದು ತೊಂಬತ್ತಾರಕ್ಕೆ ಇಳಿದಿತ್ತು.

ಅವರು ತುಂಬ ಹೊತ್ತು ಪರದೆಯನ್ನೇ ನೋಡಿದರು. "ಮೂರು ರಾತ್ರಿ ನಾನು ನಿದ್ದೆ ಮಾಡಿಲ್ಲ, ಮೇಡಂ" ಎಂದರು. ಬೇಟಿ ಹೋಗಿ ಮೇಡಂ ಬಂದಿತ್ತು. ಅದು ನನಗೆ ಸರಿಯಾಗಿ ತಗುಲಿತು.

"ಇದನ್ನು ಮ್ಯಾನೇಜರ್ ಸಾಹೇಬರು ಕಣ್ಣಾರೆ ನೋಡಬೇಕು," ಎಂದೆ. "ನಾನು ಬಾಯಲ್ಲಿ ಹೇಳಿದರೆ ನಿಮ್ಮನ್ನು ಉಳಿಸೋಕೆ ಹೇಳ್ತಿದ್ದೀನಿ ಅಂತಾರೆ. ಶೀಟಿನಲ್ಲಿ ನನ್ನದೇ ಸಹಿ ಇದೆ." ಸಭೆಯ ಕೋಣೆಗೆ ಫೋನ್ ಮಾಡಿದೆ. ಒಳಗೆ ಯಾರನ್ನೂ ಬಿಡುವುದಿಲ್ಲ, ಸಂದೇಶವನ್ನೂ ಕೊಡುವುದಿಲ್ಲ ಎಂದರು. ಗಂಟೆ ಎರಡೂಕಾಲು. ಇನ್ನು ಎರಡು ಇಳಿತ ಬಂದರೆ ನೂರು, ಮೂರನೆಯದಕ್ಕೆ ಸಾಲು ಹೋಯಿತು.

ಡಿಲೇಯನ್ನು ಮತ್ತೆ ಹೆಚ್ಚಿಸಿದರೆ ಸಾಲುಗಳು ಬರುವುದು ನಿಧಾನವಾಗುತ್ತಿತ್ತು. ಆದರೆ ಆ ಸೆಟ್ಟಿಂಗನ್ನು ಮೂರನೇ ಸಲ ಮುಟ್ಟಲು ನನಗೆ ಧೈರ್ಯವಿರಲಿಲ್ಲ, ಮುಟ್ಟಿದರೆ ನಂಬುವವರೂ ಇರಲಿಲ್ಲ. ಮೀಟರಿನ ಕರೆಂಟ್ ತೆಗೆದರೆ ನೆನಪು ಉಳಿಯುತ್ತದೋ ಇಲ್ಲವೋ ಖಾತ್ರಿ ಇರಲಿಲ್ಲ. ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡೆ. ಆಗ ಹೊಳೆಯಿತು. ಅಲಾರಂ ಏಳುವಾಗ ಒಂದು ಸಾಲು, ಇಳಿಯುವಾಗ ಒಂದು. ಎದ್ದ ಅಲಾರಂ ಇಳಿಯದೇ ನಿಂತುಬಿಟ್ಟರೆ? ಎದ್ದದ್ದು ಮತ್ತೆ ಏಳುವುದಿಲ್ಲ. ಹೊರಗೆ ಎಷ್ಟೇ ಇಳಿತ ಬರಲಿ, ಒಂದು ಸಾಲೂ ಸೇರುವುದಿಲ್ಲ.

"ಚಾಚಾಜಿ, ಮೀಟರ್ ಅಳೆಯೋ ವೋಲ್ಟೇಜ್ ತರುವ ಮೂರು ಫ್ಯೂಸ್ ಇವೆಯಲ್ಲ, ಮೀಟರ್ ಓಡೋ ಕರೆಂಟ್ ಬೇರೆ, ಅವು ಅಳೆಯೋಕೆ ಮಾತ್ರ ತಾನೇ? ಕಾರ್ಖಾನೆಗೆ ಏನೂ ಆಗಲ್ಲ?"

"ಏನೂ ಆಗಲ್ಲ."

"ಮೂರನ್ನೂ ಒಂದೇ ಉಸಿರಿಗೆ ತೆಗೀಬೇಕು. ಒಂದು ತೆಗೆದು ತಡ ಮಾಡಿದರೆ ಫೇಸ್ ಏರುಪೇರು ಅಂತ ಇನ್ನೊಂದು ಅಲಾರಂ ಬರೆಯುತ್ತೆ."

ಅವರು ರಬ್ಬರ್ ಗ್ಲೌಸ್ ಹಾಕಿಕೊಳ್ಳುತ್ತಿದ್ದಾಗಲೇ ದೀಪ ಮಂಕಾಯಿತು. ಹೂಟರ್. ತೊಂಬತ್ತೇಳು, ತೊಂಬತ್ತೆಂಟು. ನಾನು ಕೂಗಿಯೇಬಿಟ್ಟೆ. ಅವರು ನನ್ನ ಕಡೆ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಠಕ್, ಠಕ್, ಠಕ್ ಎಂದು ಮೂರು ಫ್ಯೂಸ್ ಎಳೆದರು. ಅಲಾರಂ ಎದ್ದಿತು. ನನ್ನ ಸಾಲು ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ನಾನು ಹೂಟರ್ ನಿಲ್ಲಿಸಿದೆ. ಮತ್ತೆ ದೀಪ ಮಂಕಾಯಿತು, ಪ್ಯಾನೆಲ್ ಮೇಲಿನ ಮುಳ್ಳಿನ ವೋಲ್ಟ್‌ಮೀಟರ್ ಬಾಗಿ ಎದ್ದಿತು, ಸಾಲು ಅಲ್ಲಾಡಲಿಲ್ಲ.

ಮೂರು ಗಂಟೆಗೆ ಆ ಮುಳ್ಳು ಬಿತ್ತು. ಈ ಸಲ ಏಳಲಿಲ್ಲ. ಬ್ರೇಕರ್ ತೆರೆದರೆ ಒಂದು ಸಾಲು ಸೇರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ತೆರೆಯದಿದ್ದರೆ ಮೋಟಾರುಗಳು ಸುಡುತ್ತಿದ್ದವು. ಅವರು ಮುಳ್ಳನ್ನೇ ನೋಡುತ್ತಾ ಗಟ್ಟಿಯಾಗಿ ಎಣಿಸಿದರು, "ಏಕ್, ದೋ, ತೀನ್..." ನಾನು ಕೈಗಡಿಯಾರ ನೋಡಿದೆ. ಅವರ ಏಳು ಸರಿಯಾಗಿ ಏಳು ಸೆಕೆಂಡಿಗೆ ಬಂತು. ಬ್ರೇಕರ್ ತೆರೆದರು, ಜನರೇಟರ್ ಹಿಡಿಯಿತು. ಆ ದಿನ ಫರ್ನೇಸ್ ಖಾಲಿಯಿತ್ತು, ಪುಣ್ಯ. ಪರದೆ ನೋಡಿದೆ. ನೂರು. ಇನ್ನೊಂದೇ ಒಂದು ಸಾಲು ಬಂದರೂ ಮುಗಿಯಿತು. ಬ್ರೇಕರನ್ನು ವಾಪಸ್ ಮುಚ್ಚಿದರೆ ಆ ಸಾಲು ಬರುತ್ತಿತ್ತು.

ಹತ್ತು ನಿಮಿಷಕ್ಕೆ ಹೊರಗಿನ ಲೈನು ಸರಿಹೋಯಿತು. ಇಪ್ಪತ್ತನೇ ನಿಮಿಷಕ್ಕೆ ಪ್ರೊಡಕ್ಷನ್ನಿನಿಂದ ಫೋನು. ಕರೆಂಟ್ ಬಂದಿದೆ, ಯಾಕೆ ಇನ್ನೂ ಜನರೇಟರ್ ಓಡಿಸುತ್ತಿದ್ದೀಯ, ಬ್ರೇಕರ್ ಹಾಕು. ಆ ಕಡೆಯ ಕೂಗು ನನಗೂ ಕೇಳುತ್ತಿತ್ತು. ಚಾಚಾಜಿ ಶಾಂತವಾಗಿ, "ಮ್ಯಾನೇಜರ್ ಸಾಹೇಬರು ಇಲ್ಲಿಗೆ ಬಂದರೆ ಹಾಕ್ತೀನಿ. ಬರದಿದ್ದರೆ ಹಾಕಲ್ಲ" ಎಂದು ಫೋನಿಟ್ಟರು. ಬ್ರೇಕರ್ ತೆರೆದ ಆಪಾದನೆ ಹೊತ್ತವರು ಈಗ ಅದನ್ನು ಮುಚ್ಚಲಾರೆ ಎನ್ನುತ್ತಿದ್ದರು. ಮ್ಯಾನೇಜರ್ ಬೇರೆ ರೀತಿಯಲ್ಲಿ ತಿಳಿದುಕೊಂಡರೆ ವಿಚಾರಣೆಯೇ ಬೇಕಿರಲಿಲ್ಲ, ಅಲ್ಲಿಂದಲೇ ಗೇಟಿಗೆ ಕಳಿಸುತ್ತಿದ್ದರು. ನಾನು ಬರೆದಿದ್ದ ಸರ್ಟಿಫಿಕೇಟನ್ನು ಹರಿದು ಬ್ಯಾಗಿಗೆ ತುರುಕಿದೆ.

ಮ್ಯಾನೇಜರ್ ಓಡುತ್ತಲೇ ಬಂದರು, ಮುಖ ಕೆಂಪಾಗಿತ್ತು. "ನಿನ್ನ ಲೆಕ್ಕ ಇವತ್ತೇ ಮುಗಿಸ್ತೀನಿ" ಎಂದು ಚಾಚಾಜಿಯ ಮೇಲೆ ಹಾರಿದರು. ನಾನು ನಡುವೆ ಬಂದೆ.

"ಸರ್, ಹಾಕಬೇಡಿ ಅಂದವಳು ನಾನು. ಮೊದಲು ಈ ನೂರನೇ ಸಾಲು ಓದಿ. ಆಮೇಲೆ ಏನು ಬೇಕಾದರೂ ಮಾಡಿ."

ಅವರು ಬಗ್ಗಿ ಓದಿದರು. ಬಟನ್ ಒತ್ತಿ ಹಳೆಯ ಅಂಕಿ, ಹೊಸ ಅಂಕಿ ನೋಡಿದರು. ಎಂಜಿನಿಯರ್ ಮನುಷ್ಯ, ವಿವರಿಸಬೇಕಾಗಲಿಲ್ಲ. ಎಂಟರಲ್ಲಿ ಹತ್ತು ಕಳೆಯುವುದು ಅವರ ತುಟಿಯ ಮೇಲೆ ಕಾಣಿಸಿತು.

"ಯಾರು ಬದಲಿಸಿದ್ದು?"

"ನಾನು. ಏಪ್ರಿಲ್‌ನಲ್ಲಿ ಹತ್ತು ಮಾಡಿದವಳೂ ನಾನೇ, ಘಟನೆಯ ಮರುದಿನ ಅರ್ಧಕ್ಕೆ ತಂದವಳೂ ನಾನೇ. ಶೀಟಿನಲ್ಲಿರೋದು ಸುಳ್ಳು."

"ಏಪ್ರಿಲ್‌ನಲ್ಲಿ," ಎಂದವರು ನಿಲ್ಲಿಸಿದರು. "ಹೂಟರಿಗಾಗಿ?"

"ಹೌದು ಸರ್."

ಮ್ಯಾನೇಜರ್ ರಿಜಿಸ್ಟರ್ ತರಿಸಿ ಆ ಸಾಲನ್ನು ತಮ್ಮ ಕೈಯಲ್ಲೇ ಬರೆದುಕೊಂಡು ಸಹಿ ಹಾಕಿದರು, ಕೆಳಗೆ ನನ್ನಿಂದಲೂ ಹಾಕಿಸಿದರು. ಎಲೆಕ್ಟ್ರಿಷಿಯನ್ ನಿಯಮದಂತೆ ನಡೆದಿದ್ದಾರೆ, ವಿಚಾರಣೆ ಕೈಬಿಡಲಾಗಿದೆ ಎಂದು ಬರೆದರು. ಚಾಚಾಜಿಯ ಬೆನ್ನು ಮುಟ್ಟಿ "ಮಾಫ್ ಕರನಾ" ಎಂದು ಕ್ಷಮೆ ಕೇಳಿದರು. ನನಗೆ, "ನೀವು ಇನ್ನು ಮೇಲೆ ಈ ಪ್ಲಾಂಟಿನ ಯಾವ ಮೀಟರನ್ನೂ ಮುಟ್ಟಬೇಡಿ. ನಿಮ್ಮ ಆಫೀಸಿಗೆ ಪತ್ರ ಬರುತ್ತೆ" ಎಂದು ಹೇಳಿ ಹೋದರು. ಪತ್ರ ಬಂತು. ನನ್ನ ಪ್ರೊಬೇಷನ್ ಇನ್ನೊಂದು ವರ್ಷ ಬೆಳೆಯಿತು, ಬಾಸ್ ಬಹಳ ದಿನ ನನ್ನ ಜೊತೆ ಹಿಂದಿಯಲ್ಲೇ ಮಾತಾಡಿದರು. ಅದಿರಲಿ.

ಪ್ಯಾನೆಲ್ ರೂಮಿನಲ್ಲಿ ನಾವಿಬ್ಬರೇ ಉಳಿದೆವು. ಚಾಚಾಜಿ ಬ್ರೇಕರ್ ಮುಚ್ಚಿ, ಗ್ಲೌಸ್ ಹಾಕಿಕೊಂಡು ಮೂರು ಫ್ಯೂಸುಗಳನ್ನು ವಾಪಸ್ ಕೂರಿಸಿದರು. ನಿಂತಿದ್ದ ಅಲಾರಂ ಇಳಿಯಿತು, ಎರಡರ ಸಾಲುಗಳೂ ಮೇಲೆ ಬಂದು ಕೂತವು. ಕೆಳಗೆ ನೂರನೇ ಸಾಲಿನಲ್ಲಿ ಈಗ ಬೇರೆ ಯಾವುದೋ ಮಧ್ಯಾಹ್ನದ ಯಾವುದೋ ಇಳಿತವಿತ್ತು. ನನ್ನದು ಹೋಗಿತ್ತು. ಇಬ್ಬರೂ ಅದನ್ನು ನೋಡಿದೆವು.

"ಮೇಡಂ, ಒಂದು ಕೇಳ್ತೀನಿ," ಎಂದರು ಅವರು. "ಬೆಳಿಗ್ಗೆ ನೀವು ಬರೋಷ್ಟರಲ್ಲೇ ಇದು ಹೋಗಿದ್ದರೆ, ನನಗೆ ಹೇಳ್ತಿದ್ರಾ?"

ಹೇಳುತ್ತಿದ್ದೆ ಎನ್ನಬಹುದಿತ್ತು. ಸುಳ್ಳೆಂದು ತೋರಿಸಲು ಯಾವ ಮೀಟರಿನಲ್ಲೂ ಸಾಲಿರಲಿಲ್ಲ.

"ಇಲ್ಲ ಅನಿಸುತ್ತೆ, ಚಾಚಾಜಿ," ಎಂದೆ.

ಅವರು ತಲೆಯಾಡಿಸಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನನಗೆ ಬೆನ್ನು ಮಾಡಿ, ಲಾಗ್‌ಬುಕ್ ಬರೆಯಲು ಕೂತರು. ನಾನು ಬಾಗಿಲವರೆಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಅವರು ತಿರುಗಿ ನೋಡಲಿಲ್ಲ.